ವ್ಯಾನಿನೊಳಗಿನ ನಂದಾದೀಪ

ನಿಲಂಗಾದ ಪೇಟೆಯ ಹಿಂದಿನ ಓಣಿಯಲ್ಲಿ ಇಬ್ಬರು ಹೆಂಗಸರು ಹಳೆಯ ವ್ಯಾನೊಂದನ್ನು ದೂಡುವುದು ಪ್ರತಿ ಗುರುವಾರ ಬೆಳಗಿನ ನೋಟವಾಗಿತ್ತು. ಒಬ್ಬಳು ವಿದ್ಯಾವತಿ, ಇನ್ನೊಬ್ಬಳು ಅವಳ ಜೊತೆ ರೊಟ್ಟಿ ಬಡಿಯಲು ಬರುವ ಪಕ್ಕದ ಓಣಿಯ ಮನೀಷಾ. ಇಬ್ಬರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆ ತಗ್ಗಿಸಿ, ಹಿಂದಿನ ಬಾಗಿಲಿಗೆ ಅಂಗೈ ಕೊಟ್ಟು ದೂಡುತ್ತಿದ್ದರು. ಒಳಗೆ ಸ್ಟಿಯರಿಂಗ್ ಹಿಡಿದು ಕೂತವನು ವಿದ್ಯಾವತಿಯ ಗಂಡ ವಿರೂಪಾಕ್ಷ. ದೂಡುವುದು ತೋಳಿನ ಕೆಲಸ, ಕೂತು ಗೇರು ಹಾಕುವುದು ತಲೆಯ ಕೆಲಸ ಎಂದು ಅವನೇ ಪಾಲು ಮಾಡಿ ಕೊಟ್ಟಿದ್ದ.

"ಜೋರ್ಲೆ ದೂಡ್ರಿ! ರೊಟ್ಟಿ ತಿಂತೀರೋ ಇಲ್ಲೋ?" ಎಂದು ಕಿಟಕಿಯಿಂದ ಕೂಗುತ್ತಿದ್ದ.

"ತಿನ್ಲಾಕ ಎಲ್ಲಿ ಪುರಸೊತ್ತದ? ಬಡಿಯೂದೇ ಆಗ್ಯಾದ," ಎಂದು ವಿದ್ಯಾವತಿ ಹಿಂದಿನಿಂದಲೇ ಅನ್ನುತ್ತಿದ್ದಳು.

ಗುಡಿಯ ಮೂಲೆಯ ಇಳಿಜಾರಿಗೆ ಬರುವಷ್ಟರಲ್ಲಿ ವ್ಯಾನು ಎರಡು ಸಲ ಕೆಮ್ಮಿ ಚಾಲೂ ಆಗುತ್ತಿತ್ತು. ವಿರೂಪಾಕ್ಷ ತಾನೇ ಹಡೆದವನ ಹಾಗೆ ಹಣೆ ಒರೆಸಿಕೊಳ್ಳುತ್ತ ಕೆಳಗಿಳಿದು, "ತಗೋ, ಎಬ್ಬಿಸಿ ಕೊಟ್ಟೀನಿ," ಎನ್ನುತ್ತಿದ್ದ. ಅಲ್ಲಿಂದ ಮುಂದೆ ವಲಾಂಡಿಯ ದಾರಿ ಹಿಡಿದು ಉದಗೀರದವರೆಗೆ ಅದನ್ನು ಓಡಿಸುವವಳು ವಿದ್ಯಾವತಿ. ಯಾಕೆಂದರೆ ದೂರ ಓಡಿಸಿದರೆ ವಿರೂಪಾಕ್ಷನಿಗೆ ಬೆನ್ನು ಹಿಡಿಯುತ್ತದೆ. ಅಂಗಡಿಯ ಗಾದಿಯ ಮೇಲೆ ದಿನವಿಡೀ ಲೋಡಿಗೆ ಒರಗಿ ಕೂತರೆ ಹಿಡಿಯದ ಬೆನ್ನು ಅದು.

ಡ್ರೈವಿಂಗು ವಿದ್ಯಾವತಿಯ ಪಾಲಿಗೆ ಬಂದದ್ದೂ ಆ ಮನೆಯಲ್ಲಿ ಉಳಿದದ್ದೆಲ್ಲ ಬಂದ ದಾರಿಯಲ್ಲೇ. ಭಾಲ್ಕಿ ಕಡೆಯಿಂದ ಮದುವೆಯಾಗಿ ಬಂದವಳಿಗೆ ಮೊದಲು ಒಲೆ ಬಂತು, ಆಮೇಲೆ ಬಟ್ಟೆ, ಆಮೇಲೆ ಮಾವನ ಪಥ್ಯ. ಅತ್ತೆ ಶಿವಕಾಂತಮ್ಮನ ಮೊಣಕಾಲು ಕೆಟ್ಟು ಉದಗೀರದ ಡಾಕ್ಟರ ಕಡೆ ಮೇಲಿಂದ ಮೇಲೆ ಒಯ್ಯಬೇಕಾಗಿ ಬಂದಾಗ, ಗಂಡನ ಬೆನ್ನಿನ ಲೆಕ್ಕ ಹಾಕಿ, ಇವಳನ್ನು ಡ್ರೈವಿಂಗ್ ಶಾಲೆಗೆ ಕಳಿಸಿದರು. ಆಗ ಯಾರಿಗೂ ಮರ್ಯಾದೆಯ ಪ್ರಶ್ನೆ ಬರಲಿಲ್ಲ. ಕಲಿತವಳು ವ್ಯಾನಿನ ಹಿಂದಿನ ಸೀಟಿನಲ್ಲಿ ಕಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ ಇಟ್ಟುಕೊಂಡು ಉದಗೀರದ ಒಂದು ಹಾಸ್ಟೆಲಿಗೂ ಎರಡು ಅಂಗಡಿಗಳಿಗೂ ಕೊಟ್ಟು ಬರತೊಡಗಿದ ಮೇಲೆ ಮರ್ಯಾದೆ ಎದ್ದು ಕೂತಿತು. "ಏನ್ ವಿರೂಪಾಕ್ಷಪ್ಪ, ನಿಮ್ಮ ಡ್ರೈವರ್ ಹ್ವಾದ್ಳೇನು?" ಎಂದು ಪೇಟೆಯ ಜನ ಚಹಾ ಕುಡಿಯುತ್ತ ಕೇಳುತ್ತಿದ್ದರು. ಅದಕ್ಕಿಂತ ದೊಡ್ಡ ಗೋಳು ಬೇರೆಯೇ ಇತ್ತು. ಗುರುವಾರ ಸಂಜೆ ಅವನ ಚಹಾ ಅವನೇ ಕಾಸಿಕೊಳ್ಳಬೇಕು. ಸಕ್ಕರೆ ಡಬ್ಬಿ ಯಾವುದೆಂದು ಗೊತ್ತಿಲ್ಲದೆ ಒಮ್ಮೆ ಉಪ್ಪು ಹಾಕಿಕೊಂಡು ಕುಡಿದು, ಆ ಸಿಟ್ಟನ್ನು ವ್ಯಾನಿನ ಮೇಲೆ ತೀರಿಸಿಕೊಂಡಿದ್ದ. ಕಿರಾಣಿ ಅಂಗಡಿಯವನು ಅವನು. ಊರಿಗೆಲ್ಲ ಸಕ್ಕರೆ ಮಾರುವವನು.

"ಈ ಗಾಡಿ ಸತ್ತದ. ಮಾರಿಬಿಡೋಣ," ಎನ್ನುವುದು ಅಂದಿನಿಂದ ಅವನ ಜಪವಾಯಿತು.

ವ್ಯಾನು ಹೋದರೆ ರೊಟ್ಟಿಯೂ ಹೋದಂತೆಯೇ. ಒಮ್ಮೆ ಅದು ಗ್ಯಾರೇಜಿನಲ್ಲಿದ್ದಾಗ ವಿದ್ಯಾವತಿ ಗಂಟುಗಳನ್ನು ಬಸ್ಸಿನಲ್ಲಿ ಒಯ್ದಿದ್ದಳು. ಉದಗೀರ ಮುಟ್ಟುವ ಹೊತ್ತಿಗೆ ಗಂಟು ಬಿಚ್ಚಿದರೆ ರೊಟ್ಟಿಯಿಲ್ಲ, ನುಚ್ಚು. ಹಾಸ್ಟೆಲಿನ ಅಡುಗೆಯ ಬಸವಣ್ಣೆಪ್ಪ ಒಳ್ಳೆಯವನು, ಆದರೂ, "ವೈನಿ, ಇದನ್ನ ಹುಡುಗರಿಗಿ ಚಮಚಾಲೆ ಕೊಡ್ಲೇನ್ರಿ?" ಎಂದು ನಕ್ಕು ವಾಪಸು ಕೊಟ್ಟ. ಇನ್ನೊಮ್ಮೆ ಹಾಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದೂ ಹೇಳಿದ. ಮದುವೆಯಾಗಿ ಬಂದ ಮೇಲೆ ವಿದ್ಯಾವತಿಗೆ ಹೊಸಿಲಿನಾಚೆ ಸಿಕ್ಕ ಒಂದೇ ಒಂದು ದಿನ ಗುರುವಾರ. ಅದನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಹಾಗಾಗಿ ವ್ಯಾನಿನ ರೋಗ ಪತ್ತೆಯಾಗಬೇಕಿತ್ತು. ನಿಲಂಗಾದ ಗಂಡಸರು ಪತ್ತೆ ಮಾಡುವ ರೀತಿ ಹೀಗಿತ್ತು. ಮುಂದಿನ ಸೀಟು ಎತ್ತಿ, ಸುತ್ತ ನಿಂತು, ಎಂಜಿನ್ನಿನ ಕಡೆ ನೋಡುತ್ತ ಎಲೆ ಅಡಿಕೆ ಹಾಕಿಕೊಳ್ಳುವುದು. ಒಬ್ಬ ಡೈನಮೋ ಹೋಗಿದೆ ಎಂದ. ಇನ್ನೊಬ್ಬ ಸೆಲ್ಫ್ ಹೋಗಿದೆ ಎಂದ. ವಿರೂಪಾಕ್ಷ ಬ್ಯಾಟರಿ ಬದಲಿಸಿದ. ಹೊಸ ಬ್ಯಾಟರಿಯೂ ಸತ್ತಿತು. ಆಗ ಅವನು, "ಉಮರ್ಗಾದಾಗ ಧೂಳಪ್ಪ ಅಂತ ಇದ್ದಾನ, ಹೈವೇ ಮ್ಯಾಲಿನ ಟ್ರಕ್ಕಿನ ವೈರಿಂಗ ಎಲ್ಲಾ ಅವನ ಕೈಲೇ. ಕಡೀದೊಮ್ಮೆ ತೋರಸ್ತೀನಿ. ಅಂವಾ ಆಗಂಗಿಲ್ಲ ಅಂದ್ರ ಮಾರೂದು," ಎಂದು ತೀರ್ಪು ಕೊಟ್ಟ.

ಉಮರ್ಗಾದವರೆಗೆ ಓಡಿಸಿದವಳು ವಿದ್ಯಾವತಿಯೇ. ವಿರೂಪಾಕ್ಷ ಬಂದದ್ದು ಮಾತಾಡಲು. ಮೆಕ್ಯಾನಿಕ್ ಜೊತೆ ಹೆಂಗಸು ಮಾತಾಡಬಾರದು ಎನ್ನುವ ಕಟ್ಟಳೆ ಅವನದೊಬ್ಬನದೇ ಅಲ್ಲ, ಧೂಳಪ್ಪನದೂ ಹೌದು.

"ಯಾವಾಗಿಂದ ಹಿಂಗ ಆಗ್ಲಾಕತ್ತದ್ರಿ ಶೇಟಜೀ?" ಎಂದು ಧೂಳಪ್ಪ ಕೇಳಿದ.

ವಿರೂಪಾಕ್ಷ ಹೆಂಡತಿಯ ಕಡೆ ನೋಡಿದ.

"ಮೊದ್ಲ ದಿನಾ ಅಂಗಡಿ ಮಾಲ ತರ್ತಿದ್ವಿ, ಆವಾಗ ಛಲೋ ಇತ್ತು. ಈಗ ಮಾಲ ಟೆಂಪೋದಾಗ ಬರ್ತದ, ಗಾಡಿ ವಾರಕ್ಕೊಮ್ಮೆ ಹೊರಗ ಬೀಳ್ತದ," ಎಂದಳು ವಿದ್ಯಾವತಿ. "ನಿಂತ್ರ ಸಾಯ್ತದ, ಓಡಿದ್ರ ಇರ್ತದ."

ಧೂಳಪ್ಪ ವಿರೂಪಾಕ್ಷನಿಗೆ ಕೇಳಿದ, "ಅಂದ್ರ ನಿಂತಾಗ ಸಾಯ್ತದ ಅಂತೀರಿ?"

"ಹೌದು, ನಿಂತಾಗ," ಎಂದ ವಿರೂಪಾಕ್ಷ, ತಾನೇ ಕಂಡುಹಿಡಿದವನ ಗತ್ತಿನಲ್ಲಿ.

"ಹಂಗಿದ್ರ ಎಲ್ಲೋ ಕರೆಂಟ ಸೋರ್ಲಾಕತ್ತದ. ಹುಡಕೋಣ. ಎಲ್ಲಾ ಬಂದ ಮಾಡ್ರಿ."

ಹುಡುಕುವ ಮೊದಲು ಧೂಳಪ್ಪ ಚಪ್ಪಲಿ ಬಿಟ್ಟು, ವ್ಯಾನಿನ ಮುಂಭಾಗದಲ್ಲಿದ್ದ ಬಸವಣ್ಣನ ಪಟಕ್ಕೆ ಕೈಮುಗಿದ. ಪಟದ ಕೆಳಗೆ ಕೆಂಪು ಗಾಜಿನೊಳಗೆ ಒಂದು ಪುಟ್ಟ ಬಲ್ಬು ಉರಿಯುತ್ತಿತ್ತು. ಅದು ವಿದ್ಯಾವತಿಯ ಮಾವ ಕಾಶೆಪ್ಪನವರು ಕೂಡಿಸಿದ್ದು. ವ್ಯಾನು ಕೊಂಡ ವರ್ಷ ಅವರು ವೈರಿಂಗಿನವನನ್ನು ಮುಂದೆ ನಿಲ್ಲಿಸಿಕೊಂಡು, "ನಮ್ಮ ಮನ್ಯಾಗ ಅಜ್ಜನ ಕಾಲದಿಂದ ನಂದಾದೀಪ ಆರಿಲ್ಲ. ಗಾಡ್ಯಾಗೂ ಆರಬಾರದು," ಎಂದಿದ್ದರು. ಕೀ ತೆಗೆದರೂ ಆರದ ಹಾಗೆ ಅವನು ಸ್ವಿಚ್ಚಿಲ್ಲದೆ, ಫ್ಯೂಸಿಲ್ಲದೆ, ಬ್ಯಾಟರಿಯಿಂದಲೇ ನೇರ ತಂತಿ ಎಳೆದುಕೊಟ್ಟಿದ್ದ. ಅಂದಿನಿಂದ ಅದು ಹಗಲೂ ರಾತ್ರಿ ಉರಿಯುತ್ತಲೇ ಇತ್ತು. ಬಲ್ಬು ಸುಟ್ಟರೆ ಕಾಶೆಪ್ಪನವರು ವೈರಿಂಗಿನವನನ್ನು ಕರೆಸಿ ಹೊಸದು ಹಾಕಿಸುತ್ತಿದ್ದರು.

ವಿರೂಪಾಕ್ಷ ಕೀ ತೆಗೆದ, ರೇಡಿಯೋ ನೋಡಿದ, ಛತ್ತಿನ ದೀಪ ನೋಡಿದ. "ಎಲ್ಲಾ ಬಂದ," ಎಂದ. ಅವನ ಮೂಗಿನ ಎದುರಿಗೇ ದೀಪ ಉರಿಯುತ್ತಿತ್ತು.

ಧೂಳಪ್ಪ ಬ್ಯಾಟರಿಯ ಒಂದು ತಂತಿ ಬಿಚ್ಚಿ, ಬಿಚ್ಚಿದ ತುದಿಗೂ ಬ್ಯಾಟರಿಗೂ ನಡುವೆ ತನ್ನ ಪರೀಕ್ಷೆಯ ಬಲ್ಬು ಹಿಡಿದ. ಅದು ಮಂಕಾಗಿ ಹೊತ್ತಿಕೊಂಡಿತು. "ನೋಡ್ರಿ ಶೇಟಜೀ, ಎಲ್ಲಾ ಬಂದ ಇದ್ರೂ ಹತ್ತದ. ಯಾವುದೋ ಒಂದು ಕುಡೀಲಾಕತ್ತದ." ಫ್ಯೂಸುಗಳನ್ನು ಒಂದೊಂದಾಗಿ ಕಿತ್ತ. ಕಳ್ಳ ಇರುವ ದಾರಿಯ ಫ್ಯೂಸು ಕಿತ್ತಾಗ ಪರೀಕ್ಷೆಯ ಬಲ್ಬು ಆರಬೇಕು. ಹಾರ್ನಿನದು ಕಿತ್ತ, ಆರಲಿಲ್ಲ. ಹೆಡ್‌ಲೈಟಿನದು, ವೈಪರಿನದು, ಆರಲಿಲ್ಲ. ಇರುವೆ ಯಾವ ಡಬ್ಬಿಯಿಂದ ಬರುತ್ತಿವೆ ಎಂದು ವಿದ್ಯಾವತಿ ಅಡುಗೆಮನೆಯಲ್ಲಿ ಒಂದೊಂದೇ ಡಬ್ಬಿ ಎತ್ತಿ ನೋಡುವ ರೀತಿಯೇ ಇದು. ಕೆಲಸ ಸರಿಯಾಗಿಯೇ ಇತ್ತು. ಒಂದು ಡಬ್ಬಿಯನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಅವಳು ಇನ್ನೊಂದನ್ನೂ ನೋಡಿದಳು. ಧೂಳಪ್ಪನ ಬಲ್ಬು ಹೊತ್ತಿದಾಗೆಲ್ಲ ದೇವರ ದೀಪ ಸೊರಗುತ್ತಿತ್ತು. ಅವನು ಅದನ್ನು ತೆಗೆದು ತಂತಿಯನ್ನು ಬ್ಯಾಟರಿಗೆ ಮುಟ್ಟಿಸಿದರೆ ದೇವರ ದೀಪ ಮತ್ತೆ ತುಂಬಿ ಉರಿಯುತ್ತಿತ್ತು. ಒಂದೇ ನಳಕ್ಕೆ ಇಬ್ಬರು ಕೊಡ ಹಿಡಿದ ಹಾಗೆ.

"ಆ ದೀಪ ತಗದು ನೋಡ್ರಿ," ಎಂದಳು.

ಇಬ್ಬರೂ ಅವಳ ಕಡೆ ತಿರುಗಿದರು.

"ವೈನಿ, ಅದು ದೇವರ ದೀಪ," ಎಂದ ಧೂಳಪ್ಪ, ಕೂಸಿಗೆ ಹೇಳುವಂತೆ.

"ಗೊತ್ತದ್ರಿ. ದೇವರ ದೀಪಕ ಎಣ್ಣಿ ಬ್ಯಾಡೇನು?"

"ಬಲ್ಬಿಗಿ ಯಾರರ ಎಣ್ಣಿ ಹಾಕ್ತಾರ?" ಎಂದು ವಿರೂಪಾಕ್ಷ ನಕ್ಕ. ಧೂಳಪ್ಪನೂ ನಕ್ಕ. "ಇಷ್ಟು ವರ್ಷ ಉರದದ, ಏನೂ ಆಗಿಲ್ಲ. ಸುಮ್ನ ನಿಂದ್ರು."

ನಂದಾದೀಪ ತಾನಾಗಿಯೇ ಉರಿಯುತ್ತದೆ ಎಂದು ನಂಬಲು ಆ ಮನೆಯ ಗಂಡಸಾಗಿಯೇ ಹುಟ್ಟಬೇಕು. ವಿದ್ಯಾವತಿ ಸೊಸೆಯಾಗಿ ಬಂದ ಮೊದಲ ವಾರವೇ ಶಿವಕಾಂತಮ್ಮ ದೇವರ ಮನೆಗೆ ಕರೆದು, ಧ್ವನಿ ಇಳಿಸಿ, "ಆರಿದ್ರ ಹಚ್ಚಿಬಿಡು. ಯಾರಿಗೂ ಹೇಳಬ್ಯಾಡ," ಎಂದಿದ್ದಳು. ಅಜ್ಜನ ಕಾಲದಿಂದ ಆರದ ಆ ದೀಪ ಗಾಳಿಗೆ ಆರಿದೆ, ಎಣ್ಣೆ ತೀರಿ ಆರಿದೆ, ಬಾಣಂತನ ಇದ್ದಾಗ ಮರೆತು ಆರಿದೆ. ಪ್ರತಿ ಸಲವೂ ಯಾವುದೋ ಹೆಂಗಸು ಕಡ್ಡಿ ಗೀರಿದ್ದಾಳೆ. ಕಾಶೆಪ್ಪನವರು ಪೇಟೆಯಲ್ಲಿ ಹೇಳಿಕೊಂಡು ತಿರುಗುವ ಅಖಂಡ ಜ್ಯೋತಿ ಎಂದರೆ ಇಷ್ಟೇ.

ಧೂಳಪ್ಪ ಕೊನೆಗೆ ಕೈ ಒರೆಸಿಕೊಂಡ. "ಒಳಗ ಎಲ್ಲೋ ಇಲಿ ವೈರ ತಿಂದದ. ಪೂರಾ ವೈರಿಂಗ ಬದಲ್ಸಬೇಕಾಗ್ತದ."

"ಹೇಳಿದ್ದಿಲ್ಲ?" ಎಂದ ವಿರೂಪಾಕ್ಷ. ಅಷ್ಟು ಸಂತೋಷವನ್ನು ವಿದ್ಯಾವತಿ ಅವನ ಮುಖದಲ್ಲಿ ಮಕ್ಕಳು ಹುಟ್ಟಿದಾಗಲೂ ಕಂಡಿರಲಿಲ್ಲ. ಮರಳುವ ದಾರಿಯಲ್ಲಿ ಸಾಸ್ತೂರದಲ್ಲಿ ವ್ಯಾನು ನಿಲ್ಲಿಸಲು ಹೇಳಿದ. ಅಲ್ಲಿ ಹಾಲಿನ ವ್ಯಾಪಾರದ ಶಿವಾಜಿ ಎಂಬವನು ಹಳೆಯ ಗಾಡಿ ಹುಡುಕುತ್ತಿದ್ದ. ಅಲ್ಲೇ ಮಾತಾಯಿತು. ಅಮಾವಾಸ್ಯೆ ಕಳೆದ ಮೇಲೆ ಬಂದು ನೋಡುತ್ತೇನೆ, ಚಾಲೂ ಆದರೆ ಒಯ್ಯುತ್ತೇನೆ, ಇಲ್ಲದಿದ್ದರೆ ಗುಜರಿಯ ಮಾತಾಡೋಣ ಎಂದ ಶಿವಾಜಿ.

ಮರುದಿನದಿಂದ ವಿದ್ಯಾವತಿ ತನ್ನ ಕೆಲಸ ಶುರು ಮಾಡಿದಳು. ಕಾಶೆಪ್ಪನವರು ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ವ್ಯಾನಿನ ಪಟಕ್ಕೂ ಒಮ್ಮೆ ಕೈಮುಗಿದು ಅಂಗಡಿಗೆ ಹೋಗುತ್ತಿದ್ದರು. ಅವರು ಓಣಿ ದಾಟಿದೊಡನೆ ಅವಳು ಕೆಂಪು ಗಾಜು ಸರಿಸಿ ಬಲ್ಬನ್ನು ತಿರುವಿ ತೆಗೆದು ಕುಂಕುಮದ ಭರಣಿಯಲ್ಲಿಡುತ್ತಿದ್ದಳು. ಮರುದಿನ ಅವರ ಬಚ್ಚಲಿನ ನೀರಿನ ಸದ್ದು ಕೇಳಿದಾಗ ಮತ್ತೆ ಹಾಕುತ್ತಿದ್ದಳು. ಗುರುವಾರ ವ್ಯಾನು ಒಂದೇ ಕೀಗೆ ಚಾಲೂ ಆಯಿತು. ದೂಡಲು ಬಂದಿದ್ದ ಮನೀಷಾ ಚಪ್ಪಾಳೆ ತಟ್ಟಿದಳು.

ವಿದ್ಯಾವತಿ ಲೆಕ್ಕ ತಪ್ಪಿದ್ದು ಇಲ್ಲಿಯೇ. ಗಾಡಿ ಸರಿಯಾದರೆ ಮಾರುವ ಮಾತು ತಾನಾಗಿ ನಿಲ್ಲುತ್ತದೆ ಎಂದುಕೊಂಡಿದ್ದಳು. ವಿರೂಪಾಕ್ಷ ಅದರ ಸುತ್ತ ಒಮ್ಮೆ ನಡೆದು, ಬಾನೆಟ್ಟಿಲ್ಲದ ಮೂತಿಯ ಮೇಲೆ ತಟ್ಟಿ, "ನೋಡ್ದೇನು? ಮೊನ್ನೆ ನಾ ಬ್ಯಾಟರಿ ಟರ್ಮಿನಲ್‌ಕ ಪಾಲಿಶ ಕಾಗದ ಹಾಕಿ ತಿಕ್ಕಿದ್ದೆ. ಅದರ ಗುಣ. ಇನ್ನ ಗುಜರಿ ಮಾತೇ ಇಲ್ಲ, ಶಿವಾಜಿ ಕಡೆ ಬರೋಬ್ಬರಿ ಕಿಮ್ಮತ್ತ ಬರ್ತದ," ಎಂದ. ಅವಳು ಬದುಕಿಸಿದ್ದನ್ನು ಅವನು ಮಾರಲು ಹೊರಟಿದ್ದ.

ಅಮಾವಾಸ್ಯೆ ಕಳೆದು ಮಂಗಳವಾರ ಶಿವಾಜಿ ಬಂದ. ಕಾಶೆಪ್ಪನವರು ಕಟ್ಟೆಯ ಮೇಲೆ ಕೂತಿದ್ದರು. ವಿದ್ಯಾವತಿ ಚಹಾದ ತಾಟು ಹಿಡಿದು ಬಂದಳು. ಕೊಟ್ಟು ಒಳಗೆ ಹೋಗುವುದು ಅವಳ ಪಾಲಿನ ಕೆಲಸ. ಶಿವಾಜಿ ಕೀ ತಿರುವಿದ, ವ್ಯಾನು ಗುರುಗುಟ್ಟಿತು. "ಮಸ್ತ್!" ಎಂದ. ಗಡಿಯ ಕಡೆಯ ಮರಾಠಾ ಅವನು, ಅರ್ಧ ಕನ್ನಡ ಬರುತ್ತಿತ್ತು. "ಪಣ, ಆದ್ರ ಶೇಟಜೀ, ಧೂಳಪ್ಪ ವೈರಿಂಗ ಖರಾಬ ಅಂದಿದ್ದ. ಈಗ ಹ್ಯಾಂಗ ಛಲೋ ಆತು?"

"ಧೂಳಪ್ಪಗ ತಿಳೀಲಿಲ್ಲ. ನಾ ಸ್ವತಃ ಟರ್ಮಿನಲ್ ಬಿಚ್ಚಿ, ಪಾಲಿಶ ಕಾಗದ ತಗೊಂಡು..." ಎಂದು ವಿರೂಪಾಕ್ಷ ಆರಂಭಿಸಿದ.

"ಸುಳ್ಳ," ಎಂದಳು ವಿದ್ಯಾವತಿ. ತಾಟನ್ನು ವ್ಯಾನಿನ ಸೀಟಿನ ಮೇಲಿಟ್ಟಳು.

"ನೀ ಒಳಗ ಹೋಗು."

"ಹೋಗ್ತೀನಿ. ಶಿವಾಜಿ ಅಣ್ಣಾ, ಈ ಗಾಡಿ ಕೆಡಸೂದು ಈ ದೀಪ. ಬ್ಯಾಟರಿಯಿಂದ ಸೀದಾ ಎಳದಾರ, ಹಗಲೂ ರಾತ್ರಿ ಕುಡೀತದ. ನಾ ದಿನಾ ತಗದು ಇಡ್ಲಾಕತ್ತೀನಿ, ಅದಕ್ಕ ಛಲೋ ಆಗ್ಯಾದ. ನೀವು ಒಯ್ದ್ರ ಮೊದ್ಲ ಇದನ್ನ ಆರಸ್ರಿ."

ಕಾಶೆಪ್ಪನವರು ಕಟ್ಟೆಯಿಂದ ಎದ್ದರು. "ನೀ ಆರಸ್ತಿದ್ದಿ? ನಂದಾದೀಪ?"

"ಹೌದ್ರಿ ಮಾವಾರ. ದಿನಾ."

ಅವರ ಬಾಯಿಂದ ಮಾತು ಹೊರಡುವ ಮೊದಲೇ ಶಿವಾಜಿ ನಕ್ಕುಬಿಟ್ಟ. "ಏವಢಂಚ್? ಇಷ್ಟೇ? ಅದ್ರಾಗೇನದ, ಕಿತ್ತ ಒಗೀತೀನಿ," ಎಂದು ಕೈ ಚಾಚಿ ಪಟದ ಕೆಳಗಿನ ತಂತಿ ಹಿಡಿದ. ಕಾಶೆಪ್ಪನವರು ಆ ವಯಸ್ಸಿನಲ್ಲಿ ಯಾರೂ ನಿರೀಕ್ಷಿಸದ ಚುರುಕಿನಿಂದ ಹೋಗಿ ಅವನ ಮಣಿಕಟ್ಟು ಹಿಡಿದರು.

"ಕೈ ತಗೀ!"

"ಬಿಡ್ರಿ," ಎಂಬ ಧ್ವನಿ ಬಾಗಿಲಿನಿಂದ ಬಂತು. ಶಿವಕಾಂತಮ್ಮ ಗೋಡೆ ಹಿಡಿದು ನಿಂತಿದ್ದಳು. "ಕೊಟ್ಟ ಮ್ಯಾಲ ಅವರ ಗಾಡಿ. ಆರಸ್ತಾರ, ಒಗೀತಾರ, ಆ ಜಾಗಾದಾಗ ಹಾಲಿನ ಕ್ಯಾನ ಇಡ್ತಾರ. ಅದನ್ನ ನಾವ್ಯಾಕ ನೋಡೂದು?"

ವಿದ್ಯಾವತಿ ಅತ್ತೆಯ ಮುಖ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಸಂತೆಯಲ್ಲಿ ಬೇಕಾದ ಸೀರೆಯನ್ನು ಬೇಡವೆಂದು ಪಕ್ಕಕ್ಕೆ ಸರಿಸುವ ಮುದುಕಿಯ ಮುಖ ಅದು.

"ಕೊಡೂದಿಲ್ಲ," ಎಂದರು ಕಾಶೆಪ್ಪನವರು. "ದೀಪ ಆರಸವ್ರಿಗಿ ಈ ಗಾಡಿ ಕೊಡೂದಿಲ್ಲ."

"ಅಪ್ಪಾ, ನಾ ಮಾತ ಕೊಟ್ಟೀನಿ..."

"ನೀ ಕೊಟ್ಟೀದಿ, ನೀ ಹೋಗು ಅವನ ಸಂಗಟ."

ಶಿವಾಜಿ ಚಹಾ ಕುಡಿದು, ಮೋಟರ್‌ಸೈಕಲ್ ಹತ್ತಿ, ತಲೆ ಅಲ್ಲಾಡಿಸುತ್ತ ಹೋದ. ಆಮೇಲೆ ಸಿಟ್ಟೆಲ್ಲ ಸೊಸೆಯ ಮೇಲೆ ಇಳಿಯಿತು. ಇನ್ನೊಮ್ಮೆ ಆ ಬಲ್ಬಿಗೆ ಕೈ ಹಚ್ಚಿದರೆ ನೋಡು ಎಂದರು ಮಾವ.

"ಹಚ್ಚೂದಿಲ್ಲ," ಎಂದಳು ವಿದ್ಯಾವತಿ. "ಗುರುವಾರ ಗಾಡಿ ನೀವಿಬ್ಬರು ದೂಡ್ರಿ. ಅವತ್ತ ಅತ್ತಿಯವರದ್ದೂ ಡಾಕ್ಟರ ಕಡೆ ಪಾಳಿ ಅದ."

ಮರುದಿನ ಬುಧವಾರ ಊಟಕ್ಕೆ ಕೂತಾಗ ಕಾಶೆಪ್ಪನವರಿಗೆ ಜ್ಞಾನೋದಯವಾಯಿತು. "ಪಂಢರಪುರದಾಗ ವಿಠ್ಠಲಗ ರಾತ್ರಿ ಶೇಜಾರತಿ ಮಾಡಿ ಮಲಗಸ್ತಾರ. ದೇವರಿಗೂ ವಿಶ್ರಾಂತಿ ಬೇಕಲ್ಲ? ಗಾಡಿ ನಿಂತಾಗ ಬಸವಣ್ಣಗೂ ಶೇಜಾರತಿ ಮಾಡಿ ದೀಪ ಶಾಂತ ಮಾಡಬೇಕು. ಇದು ನನಗೇ ಹೊಳೀತು ನೋಡು." ಗಂಡಸರು ತಪ್ಪು ಒಪ್ಪಿಕೊಳ್ಳುವ ಬದಲು ಹೊಸ ಶಾಸ್ತ್ರವನ್ನೇ ಕಟ್ಟಿಕೊಳ್ಳುತ್ತಾರೆ, ಅದಕ್ಕೆ ಪಂಢರಪುರದವರೆಗೂ ಹೋಗಿ ಬರುತ್ತಾರೆ. "ವಿದ್ಯಾ, ದಿನಾ ಸಂಜಿಗಿ ಮಡೀಲೆ ಆರತಿ ಮಾಡಿ ಬಲ್ಬ ತಗೀತಾ ಹೋಗು."

ಇನ್ನೊಂದು ಆರತಿ, ಇನ್ನೊಂದು ಮಡಿ. ಸಂಜೆಯ ಚಹಾ, ಒಲೆ, ರೊಟ್ಟಿಯ ಹಿಟ್ಟಿನ ನಡುವೆ ಎಲ್ಲಾದರೂ ತುರುಕಿಕೊಳ್ಳಬೇಕಾದದ್ದು.

"ಹೆಂಗಸು ಮುಟ್ಟಿದ್ರ ನಡೀತದೇನ್ರಿ ಮಾವಾರ?" ಎಂದು ಕೇಳಿದಳು. "ನಿಮ್ಮ ದೇವರು, ನಿಮ್ಮ ಶೇಜಾರತಿ. ಬರ್ರಿ, ತೋರಸ್ತೀನಿ. ಹಿಂಗ ಒತ್ತಬೇಕು, ಹಿಂಗ ತಿರವಬೇಕು."

ಅವರು ಎರಡು ಸಲ ತಪ್ಪಿ, ಬೆರಳು ಸುಟ್ಟುಕೊಂಡು, ಕಲಿತರು.

ಗುರುವಾರ ವ್ಯಾನು ಚಾಲೂ ಆಯಿತು. ಶಿವಕಾಂತಮ್ಮ ಮುಂದಿನ ಸೀಟಿನಲ್ಲಿ ಕೂತಳು. ಉದಗೀರದ ಅಡತಿ ಅಂಗಡಿಯಲ್ಲಿ ಕೆಲಸವಿದೆ ಎಂದು ವಿರೂಪಾಕ್ಷನೂ ಹೊರಟ. ಮುಂದೆ ಜಾಗವಿರಲಿಲ್ಲ, ಹಿಂದೆ ರೊಟ್ಟಿಯ ಗಂಟುಗಳ ನಡುವೆ ಮೊಣಕಾಲು ಮಡಚಿಕೊಂಡು ಕೂತ. ವಲಾಂಡಿ ದಾಟುವವರೆಗೂ ಬ್ರೇಕು ಎಲ್ಲಿ ಹಿಡಿಯಬೇಕು, ಹಾರ್ನು ಎಲ್ಲಿ ಹೊಡೆಯಬೇಕು ಎಂದು ಹಿಂದಿನಿಂದ ಹೇಳುತ್ತಲೇ ಇದ್ದ.

ಹಾಸ್ಟೆಲಿನಲ್ಲಿ ಗಂಟು ಇಳಿಸುವಾಗ ಅವನ ಬೆನ್ನು ಹಿಡಿಯಿತು. ವಿದ್ಯಾವತಿ ಎಲ್ಲವನ್ನೂ ಒಳಗಿಟ್ಟು ಬರುವಷ್ಟರಲ್ಲಿ ಅವನು ಬಸವಣ್ಣೆಪ್ಪನನ್ನು ಹೊರಬಾಗಿಲಲ್ಲಿ ನಿಲ್ಲಿಸಿಕೊಂಡಿದ್ದ. "ಫಾಲ್ಟ್ ಹುಡಕೂದಂದ್ರ ಸಾದಾ ಕೆಲಸಲ್ಲ ನೋಡ್ರಿ. ಮೊದ್ಲ ಎಲ್ಲಾ ಬಂದ ಮಾಡಬೇಕು. ಎಲ್ಲಾ ಅಂದ್ರ ಎಲ್ಲಾ. ದೇವರ ದೀಪ ಸುದ್ದಾ. ಆ ಧೂಳಪ್ಪಗ ಅದು ಹೊಳೀಲಿಲ್ಲ, ನಾನು..."

ವಿದ್ಯಾವತಿ ಖಾಲಿ ಡಬ್ಬಿಗಳನ್ನು ಹಿಂದಿಟ್ಟು, ಬಾಗಿಲು ಎಳೆದು, ಕೀ ತಿರುವಿದಳು. ಒಂದೇ ಸಲಕ್ಕೆ ಹಿಡಿಯಿತು.

"ಅಂವಾ ಅಲ್ಲೇ ನಿಂತಾನ," ಎಂದಳು ಶಿವಕಾಂತಮ್ಮ. "ಕರೀಲೇನು?"

"ಮಾತ ಮುಗೀಲಿ ಬಿಡ್ರಿ ಅತ್ತಿ. ಮುಂದಿನ ಅಂಗಡಿ ಬಂದ ಆಗ್ತದ," ಎಂದು ವಿದ್ಯಾವತಿ ಗೇರು ಹಾಕಿದಳು.